ಸಾಲು ಸಿಗದಿದ್ದರೆ ನೆಗೆಟಿವ್

ಜೂನ್ ಇಪ್ಪತ್ತನಾಲ್ಕರ ಬೆಳಿಗ್ಗೆ ಗೋವಾದ ಸಾವರ್ಡೆ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಒಳಗೆ ಬಾ ಎಂದು ಪಹರೆಯವನು ಕೊಂಕಣಿಯಲ್ಲಿ ಎರಡು ಸಲ ಕರೆದಿದ್ದ. ಆಕೆ ಪ್ಲಾಸ್ಟಿಕ್ ಚೀಲವೊಂದನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತಳು. ಸಬ್ ಇನ್‌ಸ್ಪೆಕ್ಟರ್ ರೇಣು ಜೀಪಿನಿಂದ ಇಳಿದು, “ಯಾಕವ್ವಾ, ಏನಾತು?” ಎಂದು ಕನ್ನಡದಲ್ಲಿ ಕೇಳಿದ ಮೇಲೆ ಎದ್ದು ನಿಂತಳು.

ಕನ್ನಡದ ದೂರುಗಳೆಲ್ಲ ರೇಣುವಿನ ಮೇಜಿಗೇ ಬರುತ್ತಿದ್ದವು. ಅವಳ ತಾಯಿ ಕೇಸರಿಬಾಯಿ ಕಾಣಕೋಣದ ಕಡಲತೀರದಲ್ಲಿ ಮಣಿಸರ, ಕನ್ನಡಿ ಚೀಲ ಮಾರಿ ಮಗಳನ್ನು ಓದಿಸಿದವಳು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕೊಂಕಣಿ, ಮರಾಠಿ, ಅಕ್ಕಪಕ್ಕದ ಶೆಡ್ಡುಗಳಲ್ಲಿ ಕನ್ನಡ. ಹೀಗೆ ಬೆಳೆದ ರೇಣುವಿಗೆ ಯಾರ ಜೊತೆ ಯಾವ ಮಾತು ಎಂದು ಯೋಚಿಸಬೇಕಾಗಿರಲಿಲ್ಲ.

ಹೆಂಗಸಿನ ಹೆಸರು ಸತ್ಯವ್ವ. ಕೊಪ್ಪಳದ ಕಡೆಯವಳು. ಗಂಡ ಹುಲಿಗೆಪ್ಪ ಊರ ಹೊರಗೆ ಏಳುತ್ತಿರುವ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ನಾಲ್ಕು ದಿನದ ಹಿಂದೆ ಮಡಗಾಂವದ ದೊಡ್ಡ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಸತ್ಯವ್ವ ಚೀಲದಿಂದ ಎರಡು ವಸ್ತು ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಒಂದು, ಆಸ್ಪತ್ರೆಯವರು ಕೊಟ್ಟ ಮರಣದ ಕಾಗದ. ಇನ್ನೊಂದು, ಕೂಲಿಯವರು ಕೆಲಸಕ್ಕೆ ಸೇರುವಾಗ ರಕ್ತ ಪರೀಕ್ಷೆ ಮಾಡಿಸಿ ಪಡೆಯಬೇಕಾದ ಆರೋಗ್ಯ ಕಾರ್ಡು.

“ಕಾರ್ಡಿನ್ಯಾಗ ಮಲೇರಿಯಾ ಇಲ್ಲ, ನೆಗೆಟಿವ್ ಅಂತ ಬರದಾರ್ರಿ. ಆಸ್ಪತ್ರಿಯವರು ಮಲೇರಿಯಾದಿಂದನ ಹೋದ್ರು ಅಂದ್ರು. ಎಲ್ಡೂ ಹೆಂಗ ಖರೇ ಅಕ್ಕಾವ್ರಿ?”

“ರಕ್ತ ಯಾವಾಗ ಕೊಟ್ಟಿದ್ರು?”

“ಒಂಬತ್ತನೇ ತಾರೀಖ ರೀ. ಮರುದಿನಾನ ಕಾರ್ಡು ಬಂತು.”

“ಜ್ವರ?”

“ಆಗಲೇ ಮೈ ಕೈ ನೋವು ಅಂತಿದ್ರು. ಆಮ್ಯಾಲ ಚಳಿ ಹಿಡೀತು. ಬಜಾರದಾಗ ಡಾಕ್ಟರ್ ಕಡೆ ಹೋದ್ವಿ. ಅವರು ಕಾರ್ಡ್ ನೋಡಿದ್ರು. ಮಲೇರಿಯಾ ಅಲ್ಲ, ಹವಾ ಬದಲಾಗೇತಿ, ಮಾಮೂಲಿ ಜ್ವರ ಅಂತ ಗುಳಿಗಿ ಕೊಟ್ರು.” ಸತ್ಯವ್ವ ಕಾರ್ಡನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದಳು. “ಇದನ್ನ ತೋರಿಸಿದ್ದ ತಪ್ಪಾತೇನ್ರಿ?”

ರೇಣು ಹೇಳಿಕೆಯನ್ನು ಬರೆಸಿ, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡಳು.

ಹೆಡ್ ಕಾನ್‌ಸ್ಟೇಬಲ್ ಗಾಂವ್ಕರ್ ನಿವೃತ್ತಿಗೆ ಹತ್ತಿರವಾದವರು, ಅವಸರ ಗೊತ್ತಿಲ್ಲದವರು. “ಇದು ಲ್ಯಾಬು, ಡಾಕ್ಟರ ವಿಷಯ ಮೇಡಂ,” ಎಂದರು ಕೊಂಕಣಿಯಲ್ಲಿ. “ವೈದ್ಯಕೀಯ ಮಂಡಳಿಯ ಅಭಿಪ್ರಾಯ ಬರದೆ ಯಾರ ಮೇಲೂ ಕೈ ಹಾಕೋಕಾಗಲ್ಲ.”

“ಕೈ ಹಾಕೋದು ಬೇಡ. ಬರೆದುಕೊಳ್ಳೋಣ.”

ಠಾಣಾಧಿಕಾರಿ ಕಡತ ನೋಡಿ ಒಪ್ಪಿದರು. ನಿರ್ಲಕ್ಷ್ಯದಿಂದ ಸಾವು ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 106ರ ಕೆಳಗೆ ಎಫ್‌ಐಆರ್ ದಾಖಲಾಯಿತು. ತನಿಖಾಧಿಕಾರಿ: ರೇಣು.

ಲ್ಯಾಬು ರೈಲ್ವೆ ಗೇಟಿನ ಹತ್ತಿರ, ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಎರಡೇ ಕೋಣೆ. ಮುಂದಿನದರಲ್ಲಿ ಕೌಂಟರು, ಬೆಂಚು, ಕಂಪ್ಯೂಟರು. ಹಿಂದಿನದರಲ್ಲಿ ಸಿಂಕು, ಬಣ್ಣದ ಸೀಸೆಗಳು, ಕಿಟಕಿಯ ಪಕ್ಕ ಒಂದು ಸೂಕ್ಷ್ಮದರ್ಶಕ. ಮಾಲೀಕ ಡಾಕ್ಟರ್ ವೆಲಿಂಗಕರ್ ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಕಂಪ್ಯೂಟರಿನಲ್ಲಿ ಕಾರ್ಡಿನ ನಂಬರು ಒತ್ತಿಸಿ ಪರದೆಯನ್ನು ತಿರುಗಿಸಿದರು.

“ನೋಡಿ. ಹುಲಿಗೆಪ್ಪ, ಜೂನ್ ಒಂಬತ್ತು, ನೆಗೆಟಿವ್. ಪರೀಕ್ಷೆ ಆಗಿದೆ. ಕಾಯಿಲೆಯ ಆರಂಭದಲ್ಲಿ ರಕ್ತದಲ್ಲಿ ಕ್ರಿಮಿ ಕಡಿಮೆ ಇರುತ್ತದೆ, ಕಣ್ಣಿಗೆ ಬೀಳದೆ ಹೋಗಬಹುದು. ಇದನ್ನು ನಿರ್ಲಕ್ಷ್ಯ ಅನ್ನೋದಿಲ್ಲ.”

“ನೋಡಿದವರು ಯಾರು?”

“ಅಂಬಿಕಾ. ಇಲ್ಲಿನ ಟೆಕ್ನಿಷಿಯನ್.”

ಅಂಬಿಕಾ ಹಿಂದಿನ ಕೋಣೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಇಪ್ಪತ್ತಾರು, ಇಪ್ಪತ್ತೇಳರ ಹುಡುಗಿ. ರೇಣುವಿನ ಎದೆಯ ಮೇಲಿನ ಹೆಸರು ಓದಿ ಕನ್ನಡಕ್ಕೆ ಹೊರಳಿದಳು.

“ಹುಲಿಗೆಪ್ಪನ ರಕ್ತದ ಸ್ಲೈಡ್ ನೀವು ನೋಡಿದ್ರಿ?” ಎಂದಳು ರೇಣು.

“ನೋಡೇನ್ರಿ.”

“ಫಲಿತಾಂಶ ಟೈಪ್ ಮಾಡಿದವರು?”

“ನಾನ ರೀ.”

“ಸ್ಲೈಡ್ ಎಲ್ಲೈತಿ?”

“ನೆಗೆಟಿವ್ ಇದ್ದವು ಇಟ್ಟಕೊಳ್ಳೂದಿಲ್ಲರಿ. ತೊಳದು ಮತ್ತ ತಗೋತೀವಿ.”

ಉತ್ತರಗಳೆಲ್ಲ ಸರಿಯಾಗಿಯೇ ಇದ್ದವು. ರೇಣು ಆ ತಿಂಗಳ ಮಲೇರಿಯಾ ಫಲಿತಾಂಶಗಳೆಲ್ಲ ಬೇಕೆಂದಳು. ಡಾಕ್ಟರು ಮುದ್ರಿಸಿ ಕೊಟ್ಟರು. ಬೇಕರಿಯವನನ್ನೂ ಎದುರಿನ ಹಾರ್ಡ್‌ವೇರ್ ಅಂಗಡಿಯವನನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ಮಾಡಿ, ಕಂಪ್ಯೂಟರಿನ ದಾಖಲೆಗಳ ಪ್ರತಿಯನ್ನು ವಶಕ್ಕೆ ತೆಗೆದುಕೊಂಡರು.

ಮಧ್ಯಾಹ್ನ ಠಾಣೆಯಲ್ಲಿ ಚಹಾ ಕುಡಿಯುತ್ತ ಗಾಂವ್ಕರ್, “ಕಣ್ತಪ್ಪು ಅಂತ ಮಂಡಳಿ ಬರೆದುಕೊಡುತ್ತೆ, ಅಲ್ಲಿಗೆ ಮುಗೀತು,” ಎಂದರು. ರೇಣು ಮುದ್ರಿಸಿದ ಹಾಳೆಯನ್ನು ನೋಡುತ್ತಿದ್ದಳು. ಒಂದೇ ಹಾಳೆ. ಅದೂ ಪೂರ್ತಿ ತುಂಬಿರಲಿಲ್ಲ.

“ಗಾಂವ್ಕರ್‌ಬಾಬ್, ಈ ತಿಂಗಳು ಅಲ್ಲಿ ಎಷ್ಟು ಜನ ರಕ್ತ ಕೊಟ್ಟಿರಬಹುದು?”

“ನೂರಾರು. ಮಳೆ ಶುರುವಾದ ಮೇಲೆ ಎಲ್ಲ ಕಾಂಟ್ರಾಕ್ಟರುಗಳೂ ಅಲ್ಲಿಗೇ ಕಳಿಸ್ತಾರೆ.”

“ಇಲ್ಲಿರೋದು ಏಳು ಹೆಸರು. ಆರು ಪಾಸಿಟಿವ್. ಒಂದೇ ಒಂದು ನೆಗೆಟಿವ್, ಅದು ಹುಲಿಗೆಪ್ಪನದು.”

ಗಾಂವ್ಕರ್ ಲೋಟ ಕೆಳಗಿಟ್ಟರು. ನೂರಾರು ಜನರ ಕಾರ್ಡಿನ ಮೇಲೆ ನೆಗೆಟಿವ್ ಎಂದು ಬಂದಿದೆ. ಅವರಲ್ಲಿ ಒಬ್ಬರ ಫಲಿತಾಂಶವೂ ದಾಖಲೆಯಲ್ಲಿಲ್ಲ. ಇರುವುದು ಸತ್ತವನದು ಮಾತ್ರ. ಹಾಗಾದರೆ ಉಳಿದವರ ಕಾರ್ಡಿಗೆ ನೆಗೆಟಿವ್ ಎಂಬ ಮಾತು ಎಲ್ಲಿಂದ ಬಂತು?

ಮರುದಿನ ಇಬ್ಬರೂ ಮಡಗಾಂವಕ್ಕೆ ಹೋದರು. ಲ್ಯಾಬಿಗೆ ತಂತ್ರಾಂಶ ಬರೆದುಕೊಟ್ಟವನು ದಾವಲಮಲಿಕ. ಅವನ ಅಪ್ಪ ಹುಬ್ಬಳ್ಳಿಯಿಂದ ವಾಸ್ಕೋ ಬಂದರಿಗೆ ಹಮಾಲಿಗೆ ಬಂದವನು. ಮಗ ಮೊಬೈಲ್ ಅಂಗಡಿಯೊಂದರ ಹಿಂದೆ ಚಿಕ್ಕ ಕಚೇರಿ ಇಟ್ಟುಕೊಂಡು ಔಷಧಿ ಅಂಗಡಿ, ಲ್ಯಾಬು, ಹೋಟೆಲುಗಳ ಕಂಪ್ಯೂಟರು ಕೆಲಸ ಮಾಡುತ್ತಿದ್ದ. ಸುದ್ದಿ ಕೇಳಿ ಅವನ ಮುಖ ಇಳಿದುಹೋಯಿತು.

“ಕಾರ್ಡು ಹೆಂಗ ತಯಾರ ಆಗತೈತಿ?” ಎಂದಳು ರೇಣು.

“ಡೇಟಾಬೇಸಿನ ಒಳಗ ಒಂದು ಸ್ಟೋರ್ಡ್ ಪ್ರೊಸೀಜರ್ ಇರತೈತಿ ಮೇಡಮ್. ಅಂದ್ರ, ಏನು ಮಾಡಬೇಕು ಅಂತ ಮೊದಲ ಬರದು ಇಟ್ಟಿರೂ ಆಜ್ಞಾ. ಕಾರ್ಡ್ ನಂಬರ್ ಕೊಟ್ಟ ಕೂಡ್ಲೆ ಅದು ಹೋಗಿ ಫಲಿತಾಂಶದ ಪಟ್ಟಿಯೊಳಗ ಆ ನಂಬರಿನ ಸಾಲು ಹುಡುಕತೈತಿ. ಸಿಕ್ಕರ ಅದರಾಗ ಇದ್ದದ್ದು ತಂದು ಕಾರ್ಡಿನ ಮ್ಯಾಲ ಒತ್ತತೈತಿ.”

“ಸಾಲು ಸಿಗದಿದ್ರ?”

“ನಾ ಮೊದಲ ಬರದಾಗ ಅಲ್ಲೇ ನಿಂದರತಿತ್ತು. ‘ಫಲಿತಾಂಶ ಬಂದಿಲ್ಲ’ ಅಂತ ಕೆಂಪಕ್ಷರದಾಗ ತೋರಸತಿತ್ತು. ಕಾರ್ಡ್ ಬರತಿರಲಿಲ್ಲ.”

“ಈಗ?”

ದಾವಲಮಲಿಕ ಪರದೆಯ ಮೇಲೆ ಆ ಭಾಗವನ್ನು ತೆರೆದು ತೋರಿಸಿದ. ಇಂಗ್ಲಿಷಿನ ನಾಲ್ಕಾರು ಸಾಲು. ರೇಣು ನಿಧಾನವಾಗಿ ಓದಿ, ಗಾಂವ್ಕರರಿಗೆ ಕೊಂಕಣಿಯಲ್ಲಿ ಹೇಳಿದಳು: “ಸಾಲು ಸಿಗದಿದ್ದರೆ ನೆಗೆಟಿವ್ ಅಂತ ಬರೆ. ಅಷ್ಟೇ.”

“ಯಾರು ಹೇಳಿ ಬದಲಿ ಮಾಡಿಸಿದ್ರು?”

“ಅಂಬಿಕಾ ರೀ. ಹೋದ ಮಳಿಗಾಲದಾಗ.” ಅವನು ಮೊಬೈಲಿನಲ್ಲಿ ಹಳೆಯ ಸಂದೇಶ ತೆಗೆದು ಕೊಟ್ಟ. ‘ನೆಗೆಟಿವ್ ಎಲ್ಲಾ ಟೈಪ್ ಮಾಡಾಕ ಟೈಮ್ ಸಾಲವಲ್ದು. ಪಾಸಿಟಿವ್ ಅಷ್ಟ ಹಾಕತೀನಿ. ಉಳದವು ತಾನಾಗೇ ನೆಗೆಟಿವ್ ಬರೂ ಹಂಗ ಮಾಡಿ ಕೊಡು.’ ಅದರ ಕೆಳಗೆ ದಾವಲಮಲಿಕನ ಪ್ರಶ್ನೆ ಇತ್ತು: ‘ಸ್ಲೈಡ್ ಇನ್ನೂ ನೋಡಿಲ್ಲ ಅಂದ್ರ?’ ಆಕೆಯ ಉತ್ತರ: ‘ನೋಡದ ಇರೂದಿಲ್ಲ. ಸಂಜಿ ಆಗೂದರಾಗ ಎಲ್ಲಾ ನೋಡಿರತೀನಿ. ಸರ್‌ಗೂ ಹೇಳೇನಿ.’

“ಪರೀಕ್ಷಾ ಆಗಿ ಏನೂ ಸಿಗಲಿಲ್ಲ ಅನ್ನೂದು ಬ್ಯಾರೆ, ಪರೀಕ್ಷಾನ ಆಗಿಲ್ಲ ಅನ್ನೂದು ಬ್ಯಾರೆ ಮೇಡಮ್,” ಎಂದ ದಾವಲಮಲಿಕ. “ಎಲ್ಡಕ್ಕೂ ಬ್ಯಾರೆ ಬ್ಯಾರೆ ಜಾಗಾ ಇಡಬೇಕಿತ್ತು. ನನಗ ಗೊತ್ತಿತ್ತು. ಆಕಿ ಹೂಂ ಅಂದ್ಲು ಅಂತ ಬಿಟ್ಟೆ.”

“ಹುಲಿಗೆಪ್ಪನ ಸಾಲು ಯಾವಾಗ ಬಂತು, ತಿಳೀತೈತೇನು?”

ತಿಳಿಯುತ್ತಿತ್ತು. ಲ್ಯಾಬಿನ ದಾಖಲೆಗಳ ನಕಲು ದಿನವೂ ಅವನ ಸರ್ವರಿಗೆ ಬಂದು ಬೀಳುತ್ತಿತ್ತು. ಜೂನ್ ಹತ್ತರ ನಕಲಿನಲ್ಲಿ ಹುಲಿಗೆಪ್ಪನ ಸಾಲು ಇರಲಿಲ್ಲ. ಇಪ್ಪತ್ತರ ನಕಲಿನಲ್ಲೂ ಇರಲಿಲ್ಲ. ಆತ ಸತ್ತ ಮರುದಿನ, ಇಪ್ಪತ್ತೊಂದರ ನಕಲಿನಲ್ಲಿ ಮಾತ್ರ ಒಂಬತ್ತನೇ ತಾರೀಖು ಹೊತ್ತು ಬಂದು ಕೂತಿತ್ತು. ರೇಣು ಆ ನಕಲುಗಳನ್ನು ಪ್ರಮಾಣಪತ್ರದೊಂದಿಗೆ ಜಪ್ತಿ ಮಾಡಿಸಿದಳು. ದಾವಲಮಲಿಕನ ಹೇಳಿಕೆ ದಾಖಲಾಯಿತು.

ವಾಪಸು ಬರುವಾಗ ಗಾಂವ್ಕರ್ ಲೆಕ್ಕ ಹಾಕಿದರು. “ಸುಳ್ಳು ಸಾಲು ಸೇರಿಸಿದ್ದಾಳೆ. ಸಾಕ್ಷ್ಯ ಇದೆ. ಇವತ್ತೇ ಕರೆತರೋಣವೇ?”

ರೇಣುವಿನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಹುಲಿಗೆಪ್ಪನ ಸ್ಲೈಡನ್ನು ನೋಡಿರದಿದ್ದರೆ, ಆ ದಿನಗಳಲ್ಲಿ ರಕ್ತ ಕೊಟ್ಟ ಇನ್ನೆಷ್ಟು ಜನರದ್ದನ್ನು ನೋಡಿಲ್ಲ? ಕಂಪ್ಯೂಟರನ್ನು ಕೇಳಿದರೆ ಅದು ಹೇಳಲಾರದು. ನೋಡಿ ಏನೂ ಕಾಣದವರಿಗೂ ಸಾಲಿಲ್ಲ, ನೋಡದೆ ಬಿಟ್ಟವರಿಗೂ ಸಾಲಿಲ್ಲ. ಗೊತ್ತಿರುವುದು ಒಬ್ಬಳಿಗೆ. ಹೆದರಿಸಿದರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಅಷ್ಟರಲ್ಲಿ ಎಲ್ಲೋ ಒಂದು ಶೆಡ್ಡಿನಲ್ಲಿ ಯಾರಿಗೋ ಚಳಿ ಏರುತ್ತಿರಬಹುದು.

“ಠಾಣೆಗೆ ಬೇಡ,” ಎಂದಳು. “ಲ್ಯಾಬಿಗೇ ಹೋಗೋಣ. ನೀವು ಡಾಕ್ಟರ ಜೊತೆ ಮುಂದಿನ ಕೋಣೆಯಲ್ಲಿರಿ.”

ಅಂಬಿಕಾ ಸೂಕ್ಷ್ಮದರ್ಶಕದ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಳು. ರೇಣು ಟೊಪ್ಪಿಗೆ ತೆಗೆದಿಟ್ಟು, ಸಿಂಕಿನ ಪಕ್ಕದ ಸಣ್ಣ ಬೆಂಚಿನ ಮೇಲೆ ಕೂತಳು.

“ದಾವಲಮಲಿಕನ್ನ ಭೇಟಿ ಆಗಿ ಬಂದೆ. ಇಪ್ಪತ್ತೊಂದಕ್ಕ ನೀವು ಏನು ಟೈಪ್ ಮಾಡಿದ್ರಿ ಅದು ನನಗ ಗೊತ್ತೈತಿ. ಅದರ ಬಗ್ಗೆ ಆಮ್ಯಾಲ ಮಾತಾಡೂಣು. ಈಗ ಒಂದ ಕೇಳತೀನಿ. ಯಾವ ಸ್ಲೈಡ್ ನೋಡಿಲ್ಲ?”

ಅಂಬಿಕಾ ಸೂಕ್ಷ್ಮದರ್ಶಕದ ಮೇಲೆ ಮುಸುಕು ಹಾಕಿದಳು. ಕೆಳಗೆ ಬೇಕರಿಯ ಗಿರಾಕಿಗಳ ಗದ್ದಲ ಕೇಳುತ್ತಿತ್ತು.

“ಹುಲಿಗೆಪ್ಪಂದು ಒಂದ?”

ಆಕೆ ಇಲ್ಲವೆಂದು ತಲೆಯಾಡಿಸಿದಳು.

“ಮತ್ತ?”

“ಆ ವಾರದ್ದು ಪೂರಾ ರೀ.” ದನಿ ಕೇಳಿಸದಷ್ಟು ಸಣ್ಣದಾಗಿತ್ತು. “ಸೂಕ್ಷ್ಮದರ್ಶಕದ ಬಲ್ಬ್ ಹೋಗಿತ್ತು. ಸರ್‌ಗೆ ಹೇಳಿದೆ, ತರಸತೀನಿ ಅಂದ್ರು. ಬಲ್ಬ್ ಬರೂದರಾಗ ವಾರ ಆತು. ಕಾರ್ಡ್ ಮಾತ್ರ ಬರತಾನ ಇದ್ವು. ಮಷೀನ್ ಏನೂ ಕೇಳತಿರಲಿಲ್ಲ. ಬಲ್ಬ್ ಬಂದ ಮ್ಯಾಲ ನೋಡಿದ್ರಾತು ಅಂತ ಇಟ್ಟೆ. ಬಂದ ಮ್ಯಾಲ ಹೊಸಾವು ಬಂದ್ವು. ನಾಳೆ, ನಾಳೆ ಅಂತ ಆತು.”

“ಹುಲಿಗೆಪ್ಪಂದು?”

“ಅವರು ತೀರಿಕೊಂಡ ಸುದ್ದಿ ಕೂಲಿಯವರನ್ನ ಕರ್ಕೊಂಡು ಬರೂ ಮುಕಾದಮ ಕಂಠೆಪ್ಪ ಬಂದು ಹೇಳಿದ. ಅವತ್ತ ತಗದು ನೋಡಿದೆ.”

“ಏನಿತ್ತು?”

“ಇದ್ವು ರೀ. ಯಾರು ನೋಡಿದ್ರೂ ಕಾಣತಿದ್ವು.”

“ಉಳದವು?”

ಅಂಬಿಕಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. “ನೋಡಾಕ ಧೈರ್ಯ ಆಗಲಿಲ್ಲರಿ. ಇನ್ನೊಂದರಾಗ ಕಂಡ್ರ ಏನು ಮಾಡ್ಲಿ ಅಂತ...”

ರೇಣುವಿಗೆ ಸಿಟ್ಟು ಬಂತು. ಇಪ್ಪತ್ತೊಂದರಿಂದ ಇವತ್ತಿನವರೆಗೆ ಕಳೆದುಹೋದ ದಿನಗಳು ಕಣ್ಣ ಮುಂದೆ ಬಂದವು. ಆದರೆ ದನಿ ಏರಿಸಲಿಲ್ಲ. “ತೊಳದ್ರೇನು ಅವನ್ನ?”

“ಇಲ್ಲರಿ. ತೊಳಿಯಾಕೂ ಕೈ ಬರಲಿಲ್ಲ.”

ಅಂಬಿಕಾ ಎದ್ದು ಹೋಗಿ ಬಣ್ಣದ ಸೀಸೆಗಳ ಹಿಂದಿನಿಂದ ಒಂದು ಮರದ ತಟ್ಟೆ ಎಳೆದಳು. ಅದರಲ್ಲಿ ಗಾಜಿನ ಪಟ್ಟಿಗಳು ಒತ್ತಾಗಿ ನಿಂತಿದ್ದವು. ಒಂದೊಂದರ ತುದಿಯಲ್ಲೂ ಪೆನ್ಸಿಲಿನಲ್ಲಿ ನಂಬರು. ಹುಲಿಗೆಪ್ಪನದೂ ಅವುಗಳ ನಡುವೆ ಇತ್ತು. ಪಂಚರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಎರಡನೇ ಪಂಚನಾಮೆಯಾಯಿತು. ಮುಚ್ಚಿ ಮೊಹರು ಹಾಕಿದ ತಟ್ಟೆಯನ್ನು ಗಾಂವ್ಕರ್ ತೊಡೆಯ ಮೇಲಿಟ್ಟುಕೊಂಡು ಸರಕಾರಿ ಪ್ರಯೋಗಾಲಯಕ್ಕೆ ಒಯ್ದರು. ಅವಸರ ಗೊತ್ತಿಲ್ಲದ ಮನುಷ್ಯ ಅಂದು ದಾರಿಯುದ್ದಕ್ಕೂ ಚಾಲಕನನ್ನು ಬೈಯುತ್ತಿದ್ದರಂತೆ.

ಮರುದಿನ ಮಧ್ಯಾಹ್ನಕ್ಕೆ ಫೋನು ಬಂತು. ಹುಲಿಗೆಪ್ಪನದನ್ನು ಬಿಟ್ಟು ಇನ್ನೆರಡು ಸ್ಲೈಡುಗಳಲ್ಲಿ ಮಲೇರಿಯಾ ಕ್ರಿಮಿ ಇತ್ತು. ಒಂದು, ಅದೇ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಸುಗರಾಬಿ. ಇನ್ನೊಂದು, ಸೋಮು ಎಂಬ ಲಾರಿ ಕ್ಲೀನರು.

ಸುಗರಾಬಿ ಶೆಡ್ಡಿನಲ್ಲೇ ಸಿಕ್ಕಳು. ಎರಡು ಚಾದರ ಹೊದ್ದು ನಡುಗುತ್ತಿದ್ದಳು, ತಲೆದಿಂಬಿನ ಕೆಳಗೆ ನೆಗೆಟಿವ್ ಕಾರ್ಡಿತ್ತು. ಆರೋಗ್ಯ ಇಲಾಖೆಯ ಜೀಪು ಅವಳನ್ನು ಕರೆದುಕೊಂಡು ಹೋಯಿತು. ಸೋಮುವನ್ನು ಹುಡುಕುವುದು ಕಷ್ಟವಾಯಿತು. ಅವನು ಸಾವರ್ಡೆ ಬಿಟ್ಟು ಹೋಗಿದ್ದ, ಮೊಬೈಲು ಬಂದ್ ಆಗಿತ್ತು. ಮುಕಾದಮ ಕಂಠೆಪ್ಪನನ್ನು ಕರೆಸಿದರು. ಪೊಲೀಸರೆಂದರೆ ಮೊದಲೇ ಅಳುಕುವವನು, “ನಾ ಏನೂ ಮಾಡಿಲ್ಲರಿ,” ಎಂದು ಶುರುಮಾಡಿದ.

“ನಿನ್ನ ಮ್ಯಾಲ ಕೇಸಿಲ್ಲೋ ಮಾರಾಯ,” ಎಂದಳು ರೇಣು. “ಸೋಮು ಎಲ್ಲದಾನ? ಅವಗ ಔಷಧ ಮುಟ್ಟಬೇಕು.”

ಕಂಠೆಪ್ಪ ಅಲ್ಲೇ ನಿಂತು ಒಬ್ಬರಾದ ಮೇಲೊಬ್ಬರಂತೆ ಲಾರಿಯವರಿಗೆ ಫೋನು ಹಚ್ಚಿದ. ಕೊನೆಗೆ ಡಿಚೋಲಿಯ ಗಣಿ ಲಾರಿಗಳು ನಿಲ್ಲುವ ಜಾಗದಲ್ಲಿ ಹುಡುಗ ಇದ್ದಾನೆಂದು ಗೊತ್ತಾಯಿತು. ಡಿಚೋಲಿ ಠಾಣೆಯವರು ಹೋದಾಗ ಸೋಮು ಲಾರಿಯ ಕ್ಯಾಬಿನ್ನಿನಲ್ಲಿ ಮಲಗಿದ್ದ. ಮಾತಾಡಿಸಿದರೆ ಹೊಂದಿಕೆಯಿಲ್ಲದ ಉತ್ತರ ಕೊಡುತ್ತಿದ್ದ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯವರು ಹೇಳಿದರು.

ಇಬ್ಬರೂ ಉಳಿದರು.

ವೈದ್ಯಕೀಯ ಮಂಡಳಿಯ ವರದಿ ಜುಲೈ ಎರಡನೇ ವಾರ ಬಂತು. ಸ್ಲೈಡನ್ನು ನೋಡಿದ್ದರೆ ರೋಗ ಗೊತ್ತಾಗುತ್ತಿತ್ತು, ನೋಡದೆ ಕಾರ್ಡು ಕೊಟ್ಟದ್ದು ಘೋರ ನಿರ್ಲಕ್ಷ್ಯ ಎಂದು ಸ್ಪಷ್ಟವಾಗಿ ಬರೆದಿತ್ತು. ಎಫ್‌ಐಆರ್‌ಗೆ ಸುಳ್ಳು ವಿದ್ಯುನ್ಮಾನ ದಾಖಲೆ ಸೃಷ್ಟಿಸಿದ ಕಲಮುಗಳು ಸೇರಿದವು. ಡಾಕ್ಟರ್ ವೆಲಿಂಗಕರ್ ಎರಡನೇ ಆರೋಪಿಯಾದರು. ಸೂಕ್ಷ್ಮದರ್ಶಕ ಕೆಟ್ಟಿದೆಯೆಂದು ಗೊತ್ತಿದ್ದೂ ಅವರು ಕೌಂಟರು ಮುಚ್ಚಿಸಿರಲಿಲ್ಲ. ಪ್ರತಿ ಕಾರ್ಡಿನ ಮೇಲೂ ಅವರ ಸಹಿಯನ್ನು ಕಂಪ್ಯೂಟರೇ ಒತ್ತುತ್ತಿತ್ತು.

ಅಂಬಿಕಾಳನ್ನು ಅವಳ ಮನೆಯಿಂದ, ಹೊತ್ತು ಮುಳುಗುವುದಕ್ಕೆ ಮೊದಲೇ, ರೇಣು ತಾನೇ ಹೋಗಿ ಬಂಧಿಸಿದಳು. ಬಂಧನದ ಕಾರಣವನ್ನು ಕನ್ನಡದಲ್ಲಿ ಓದಿ ಹೇಳಿದಳು. ತಾಯಿ ಫಕೀರವ್ವ ಬಾಗಿಲಲ್ಲಿ ನಿಂತು, “ನನ್ನ ಮಗಳು ಯಾರಿಗೂ ಕೆಟ್ಟದ್ದು ಬಯಸಿದಾಕೀನ ಅಲ್ಲರಿ,” ಎಂದಳು. ರೇಣು ಆ ಮಾತನ್ನು ಅಲ್ಲಗಳೆಯಲಿಲ್ಲ.

ಆಮೇಲಿನ ವಿಚಾರಣೆಯಲ್ಲಿ ಅಂಬಿಕಾ ಏನನ್ನೂ ಮುಚ್ಚಿಡಲಿಲ್ಲ. ಹಿಂದಿನ ಮಳೆಗಾಲದಲ್ಲಿ ಇನ್ನೊಬ್ಬ ಟೆಕ್ನಿಷಿಯನ್ ಬಿಟ್ಟು ಹೋದ ಮೇಲೆ ಆ ಜಾಗ ತುಂಬಿರಲಿಲ್ಲ. ಬೆಳಗಾದರೆ ಬುತ್ತಿ ಹಿಡಿದ ಕೂಲಿಯವರು ಮೆಟ್ಟಿಲ ತನಕ ನಿಲ್ಲುತ್ತಿದ್ದರು. ಕಾರ್ಡಿಲ್ಲದವರನ್ನು ಕೆಲಸದ ಗೇಟಿನಲ್ಲಿ ಒಳಗೆ ಬಿಡುತ್ತಿರಲಿಲ್ಲ. “ಅಕ್ಕಾರ, ಇವತ್ತರ ಕೊಡ್ರಿ” ಎಂದು ಅವರು ಕೇಳುವಾಗ ಅವಳಿಗೆ ತನ್ನ ಅಪ್ಪ ನೆನಪಾಗುತ್ತಿದ್ದ. ಪಾಸಿಲ್ಲವೆಂದು ಗಣಿಯ ಗೇಟಿನಿಂದ ಮನೆಗೆ ಮರಳಿ, ಯಾರೊಂದಿಗೂ ಮಾತಾಡದೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ ಅಪ್ಪ. ಆ ಜನ ಬೇಗ ಕಾರ್ಡು ಪಡೆದು ಕೆಲಸಕ್ಕೆ ಹೋಗಲಿ ಎಂದೇ ಅವಳು ಆ ಬದಲಾವಣೆ ಮಾಡಿಸಿದ್ದು. ಸಂಜೆಯೊಳಗೆ ಎಲ್ಲವನ್ನೂ ನೋಡಿ ಮುಗಿಸುತ್ತಿದ್ದಷ್ಟು ದಿನ ಯಾರಿಗೂ ಕೇಡಾಗಲಿಲ್ಲ. ಬಲ್ಬು ಹೋದ ವಾರ ಕೌಂಟರು ಮುಚ್ಚುತ್ತೇನೆ ಎನ್ನುವ ಧೈರ್ಯ ಅವಳಿಗೆ ಬರಲಿಲ್ಲ. ಹುಲಿಗೆಪ್ಪ ಸತ್ತ ಮೇಲೆ, ಕಷ್ಟಪಟ್ಟು ಗಳಿಸಿದ ಆ ಸ್ಟೂಲು, ಆ ಬಿಳಿ ಕೋಟು ಕೈತಪ್ಪಿ ಹೋಗುವ ಭಯವೊಂದೇ ಉಳಿಯಿತು. ಆ ಭಯದಲ್ಲಿ ಒಂದು ಸಾಲು ಟೈಪು ಮಾಡಿದಳು.

ದೋಷಾರೋಪ ಪಟ್ಟಿ ಸಲ್ಲಿಸಿದ ದಿನ ರೇಣು ಕೂಲಿಯವರ ಶೆಡ್ಡಿಗೆ ಹೋದಳು. ಸತ್ಯವ್ವ ಮತ್ತೆ ಕೆಲಸಕ್ಕೆ ಹೋಗತೊಡಗಿದ್ದಳು. ಕೈಕಾಲಿಗೆ ಮೆತ್ತಿದ ಸಿಮೆಂಟು ತೊಳೆದುಕೊಂಡು ಬಂದು ಎದುರಿಗೆ ಕೂತಳು. ನಡೆದದ್ದನ್ನೆಲ್ಲ ರೇಣು ಬಿಡಿಸಿ ಹೇಳಿದಳು. ಸತ್ಯವ್ವ ನಡುವೆ ಬಾಯಿ ಹಾಕದೆ ಕೇಳಿದಳು.

“ಆಕಿ ಅವತ್ತ ನೋಡಿದ್ರ, ನಮ್ಮನಿಯವರು ಉಳೀತಿದ್ರೇನ್ರಿ?”

ರೇಣು ಬೇರೆ ಮಾತಿನಲ್ಲಿ ಜಾರಿಕೊಳ್ಳಬಹುದಿತ್ತು. “ಹೌದವ್ವಾ. ಗುಳಿಗಿಯೊಳಗ ಆರಾಮಾಗತಿದ್ರು.”

ಸತ್ಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಅಳುತ್ತಾಳೆಂದು ರೇಣು ಅಂದುಕೊಂಡಳು. ಅವಳು ಅಳಲಿಲ್ಲ.

“ಆ ಹುಡುಗೀನ ಬಡದ್ರೇನ್ರಿ ಠಾಣೆದಾಗ?”

“ಇಲ್ಲ.”

“ಬಡೀಬ್ಯಾಡ್ರಿ. ಬೆರಳು ಚುಚ್ಚೂಮುಂದ ಇವರ ಕೈ ಹಿಡಕೊಂಡು, ಹೆದರಬ್ಯಾಡ್ರಿ ಕಾಕಾ ಅಂದಿದ್ಲಂತ. ಮನಿಗೆ ಬಂದು ಹೇಳಿ ನಕ್ಕಿದ್ರು.” ಎದ್ದು ನಿಂತಳು. “ಕೇಸು ಮಾತ್ರ ಬಿಡಬ್ಯಾಡ್ರಿ ಅಕ್ಕಾವ್ರ. ಕೋರ್ಟಿಗೆ ಎಂದ ಕರೀತಾರ ಹೇಳ್ರಿ, ನಾ ಬರತೀನಿ.”